ರೋಗಾಣುವಿನ ಜೀನೋಮ್ ಓದಿದರೆ ಭತ್ತದ ಗದ್ದೆಗೇನು ಲಾಭ?

ಪ್ರಶ್ನೆ: ಬೆಳೆಗೆ ರೋಗ ತರುವ ಬ್ಯಾಕ್ಟೀರಿಯಾದ ಜೀನೋಮ್ (ಅದರ ಇಡೀ ಡಿಎನ್‌ಎ ಬರಹ) ಓದಿದ್ದೇವೆ ಅಂತ ವಿಜ್ಞಾನಿಗಳು ಹೇಳುತ್ತಾರೆ. ಅದರಿಂದ ರೋಗ ವಾಸಿಯಾಗುತ್ತದಾ?

ಉತ್ತರ: ಗದ್ದೆಗೆ ಬಂದಾಗಿರುವ ರೋಗ ವಾಸಿಯಾಗುವುದಿಲ್ಲ. ಆದರೆ ಮುಂದಿನ ಸಲ ಎಂಥ ತಳಿ ಹಾಕಿದರೆ ತಡೆದೀತು ಅನ್ನುವುದು ಗೊತ್ತಾಗುತ್ತದೆ. ನನ್ನ ಪ್ರಕಾರ ಅದೇ ಜಾಸ್ತಿ ಬೆಲೆಯದ್ದು. ಭತ್ತದ ದುಂಡಾಣು ಅಂಗಮಾರಿ ರೋಗವನ್ನೇ ನೋಡಿ.

ಈ ರೋಗ ಹತ್ತಿದ ಎಲೆ ತುದಿಯಿಂದ ಶುರುವಾಗಿ ಅಂಚಿನುದ್ದಕ್ಕೂ ಅಲೆಅಲೆಯಾಗಿ ಹಳದಿಯಾಗುತ್ತದೆ. ಆಮೇಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಅನುಮಾನ ಬಂದರೆ ಅಂಥ ಎಲೆಯನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಕತ್ತರಿಸಿದ ಕಡೆಯಿಂದ ಹಾಲಿನಂಥ ಎಳೆ ಇಳಿಯುತ್ತದೆ. ಅದೆಲ್ಲ ಬ್ಯಾಕ್ಟೀರಿಯಾ! ಹೆಸರು ಕ್ಸಾಂಥೋಮೊನಾಸ್ ಒರೈಝೆ. ಎಲೆಯೊಳಗೆ ನೀರು ಹರಿಯುವ ನಾಳದಲ್ಲೇ ಬೀಡುಬಿಟ್ಟಿರುತ್ತದೆ. ಮೇಲಿಂದ ಔಷಧಿ ಹೊಡೆದರೆ ಸುಲಭಕ್ಕೆ ಬಗ್ಗುವುದಿಲ್ಲ.

ಇದರ ಜೀನೋಮ್ ಸುಮಾರು 50 ಲಕ್ಷ ಡಿಎನ್‌ಎ ಅಕ್ಷರದ್ದು. ಅದರಲ್ಲಿ 'ಟಾಲ್' ಅನ್ನುವ ಪ್ರೋಟೀನುಗಳ ಜೀನುಗಳಿವೆ. ಬ್ಯಾಕ್ಟೀರಿಯಾ ಈ ಪ್ರೋಟೀನುಗಳನ್ನು ಸೂಜಿ ಚುಚ್ಚಿದ ಹಾಗೆ ಭತ್ತದ ಜೀವಕೋಶಕ್ಕೆ ತೂರಿಸುತ್ತದೆ. ಅವು ನೇರವಾಗಿ ಭತ್ತದ ಡಿಎನ್‌ಎ ಮೇಲೆ ಹೋಗಿ ಕೂತು, 'ಸ್ವೀಟ್' ಅನ್ನುವ ಗುಂಪಿನ ಒಂದು ಜೀನನ್ನು ಚಾಲೂ ಮಾಡುತ್ತವೆ. ಆಗ ಕೋಶದ ಸಕ್ಕರೆ ಹೊರಗೆ ಸೋರುತ್ತದೆ. ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಯಾವ ಟಾಲ್ ಯಾವ ಅಕ್ಷರಗಳ ಮೇಲೆ ಕೂರುತ್ತದೆ ಅನ್ನುವ ಗುಟ್ಟು 2009ರಲ್ಲಿ ಬಯಲಾಯಿತು. ಈ ಸಂಗತಿ ಓದಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ. ಈಗ ರೋಗಾಣುವಿನ ಜೀನೋಮ್ ನೋಡಿಯೇ ಅದು ಗಿಡದ ಯಾವ ಜೀನಿಗೆ ಕೈಹಾಕುತ್ತದೆ ಅಂತ ಅಂದಾಜು ಮಾಡಬಹುದು.

ಕೆಲವು ಭತ್ತಗಳಲ್ಲಿ ಟಾಲ್ ಕೂರುವ ಜಾಗದ ಅಕ್ಷರಗಳೇ ಬೇರೆ. ಕೂರಲು ಜಾಗ ಇಲ್ಲ, ಸಕ್ಕರೆಯೂ ಇಲ್ಲ. ಎಕ್ಸ್‌ಎ13 ಅನ್ನುವ ಜೀನ್ ರೋಗ ತಡೆಯುವುದು ಹೀಗೆ. ಹೈದರಾಬಾದಿನ ಸಿಸಿಎಂಬಿ (ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರ) ಮತ್ತು ಅಲ್ಲಿನ ಭತ್ತ ಸಂಶೋಧನಾ ಸಂಸ್ಥೆಯವರು ಇದನ್ನೂ ಎಕ್ಸ್‌ಎ5, ಎಕ್ಸ್‌ಎ21 ಜೀನುಗಳನ್ನೂ ತಳಿಸಂಕರದಿಂದ ಸಾಂಬಾ ಮಸೂರಿಗೆ ತಂದರು. ಅದೇ ಬಿಪಿಟಿ 5204, ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲೂ ಬೆಳೆಯುವ ಭತ್ತ. ಸುಧಾರಿತ ತಳಿ 2008ರಲ್ಲಿ ಬಿಡುಗಡೆಯಾಯಿತು.

ಒಂದು ಜೀನ್ ಸಾಲದಾ, ಮೂರು ಯಾಕೆ? ಕೆಲವು ರೋಗಾಣುಗಳ ಹತ್ತಿರ ಬೇರೆ ಟಾಲ್ ಇರುತ್ತದೆ. ಒಂದು ಸ್ವೀಟ್ ಜೀನ್ ಸಿಗದಿದ್ದರೆ ಇನ್ನೊಂದನ್ನು ತೆರೆಯುತ್ತವೆ. ಅದಕ್ಕೇ ಆಯಾ ಸೀಮೆಯ ಗದ್ದೆಗಳಿಂದ ರೋಗದ ಎಲೆ ತಂದು, ಅಲ್ಲಿನ ರೋಗಾಣುವಿನ ಜೀನೋಮನ್ನೇ ಓದಬೇಕು.