ಗೇಣು ನೀರಿಗೆ ದೊಡ್ಡ ದೋಣಿ

ಉತ್ತರದ ಗಾಳಿ ಬೀಸಲು ಶುರುವಾಗಿ ಎರಡು ದಿನ ಆಗಿತ್ತು. ಟೆಕ್ಸಸ್‌ನ ಗ್ಯಾಲ್ವೆಸ್ಟನ್ ದ್ವೀಪದ ಬೆನ್ನಿಗೆ ವೆಸ್ಟ್ ಬೇ ಎಂಬ ಹಿನ್ನೀರಿದೆ. ಅಲ್ಲಿ ನಾವು ನಾಲ್ಕು ಜನ, 16 ಅಡಿಯ ಅಲ್ಯೂಮಿನಿಯಂ ದೋಣಿಯಲ್ಲಿ, ಹೂಳಿಗೆ ಸಿಕ್ಕಿ ಕೂತಿದ್ದೆವು. ದೋಣಿ ನಮ್ಮ ಪಕ್ಕದ ಮನೆಯವರದ್ದು. ಅವರು ಮೋಟಾರ್ ಮೇಲೆತ್ತಿ, ಗಳ ಊರಿ ನೂಕಿ ನೋಡಿದರು. ದೋಣಿ ಅಲುಗಲಿಲ್ಲ. ಆಮೇಲೆ ಮಾತಾಡದೆ ನೀರಿಗಿಳಿದರು. ಹಿಂದೆಯೇ ನಾನೂ ಇಳಿದೆ. ಪಾದದ ಗಂಟು ಮುಳುಗುವಷ್ಟು ನೀರು, ಅಷ್ಟೇ. ಇಬ್ಬರು ಇಳಿದಿದ್ದೇ ತಡ, ದೋಣಿ ಮೆಲ್ಲಗೆ ತೇಲಿತು. ಒಂದು ಕೈಯಲ್ಲಿ ನೂಕಿದರೂ ಸರಿಯಿತು. ಪಾದ ಎತ್ತಬೇಡಿ, ನೆಲಕ್ಕೆ ಉಜ್ಜಿಕೊಂಡೇ ನಡೆಯಿರಿ ಎಂದು ಅವರು ಹೇಳುತ್ತಲೇ ಇದ್ದರು. ಹೂಳಿನಲ್ಲಿ ತೊರಕೆ ಮೀನು ಅಡಗಿರುತ್ತದೆ. ಮೆಟ್ಟಿದರೆ ಬಾಲದ ಮುಳ್ಳಿನಿಂದ ಹೊಡೆಯುತ್ತದೆ.

ನಾನು ಗಂಗೊಳ್ಳಿ ಕಡೆಯವನು. ಹೊಳೆಯಲ್ಲಿ ಪಾತಿದೋಣಿ ಕೆಸರಿಗೆ ಕೂತದ್ದನ್ನು ಚಿಕ್ಕಂದಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಆದರೆ ನಮ್ಮಲ್ಲಿ ನೀರು ಯಾವಾಗ ಇಳಿಯುತ್ತದೆ ಎಂದು ಚಂದ್ರನನ್ನು ಕೇಳಿದರೆ ಸಾಕು. ಕಾರವಾರದಲ್ಲಿ ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ಭರತಕ್ಕೂ ಇಳಿತಕ್ಕೂ ಒಂದೂವರೆ ಮೀಟರ್ ಆಸುಪಾಸು ವ್ಯತ್ಯಾಸ ಇರುತ್ತದೆ. ಗ್ಯಾಲ್ವೆಸ್ಟನ್‌ನಲ್ಲಿ ಅದು ಅರ್ಧ ಮೀಟರ್ ಸುತ್ತಮುತ್ತ ಮಾತ್ರ. ಇಲ್ಲಿ ಚಂದ್ರನಷ್ಟೇ ಕಾರುಬಾರು ಗಾಳಿಯದ್ದು. ಚಳಿಗಾಲದಲ್ಲಿ ಉತ್ತರದ ಗಾಳಿ ಬೀಸಿತು ಅಂದರೆ ಕೊಲ್ಲಿಯ ನೀರನ್ನೇ ಸಮುದ್ರಕ್ಕೆ ತಳ್ಳಿಬಿಡುತ್ತದೆ. ನಿನ್ನೆ ದೋಣಿ ಓಡಿದ ಜಾಗದಲ್ಲಿ ಇವತ್ತು ಹಕ್ಕಿಗಳು ನಡೆದಾಡುತ್ತಿರುತ್ತವೆ.

ಇಷ್ಟೆಲ್ಲ ಆದಮೇಲೆ ಪಕ್ಕದ ಮನೆಯವರು, ಈ ದೋಣಿ ಮಾರಿ 22 ಅಡಿಯದ್ದು ತಗೊಳ್ತೀನಿ ಎಂದರು. ನನಗೆ ಅರ್ಥವಾಗಲಿಲ್ಲ. ಚಿಕ್ಕದೇ ಸಿಕ್ಕಿಕೊಳ್ಳುವ ಜಾಗಕ್ಕೆ ಇನ್ನೂ ದೊಡ್ಡದು ಯಾಕೆ? ಅಲ್ವಾ? ಮನೆಗೆ ಬಂದು ಕಾಗದ ಹಿಡಿದು ಲೆಕ್ಕ ಹಾಕಿದೆ. ತಪ್ಪು ನನ್ನದೇ ಆಗಿತ್ತು.

ತೇಲುವ ದೋಣಿ ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆರ್ಕಿಮಿಡೀಸನ ಈ ಮಾತನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಒಂದು ಘನ ಮೀಟರ್ ಸಮುದ್ರದ ನೀರು ಸುಮಾರು 1,025 ಕೆಜಿ ತೂಗುತ್ತದೆ. ಈಗ ಆ ಹಳೆಯ ದೋಣಿಯನ್ನು ನೋಡಿ. ನೀರಿಗೆ ತಾಗುವ ತಳದ ಉದ್ದ ನಾಲ್ಕೂವರೆ ಮೀಟರ್, ಅಗಲ 1.2 ಮೀಟರ್. ಚಪ್ಪಟೆ ತಳ. ಅದನ್ನು ಒಂದು ಸೆಂಟಿಮೀಟರ್ ಮುಳುಗಿಸಲು 55 ಕೆಜಿ ಸಾಕು. ದೋಣಿ, ಮೋಟಾರ್, ಪೆಟ್ರೋಲ್, ಐಸ್ ಪೆಟ್ಟಿಗೆ, ನಾಲ್ಕು ಜನ ಎಲ್ಲ ಸೇರಿ 660 ಕೆಜಿ ಎಂದುಕೊಳ್ಳೋಣ. ಅಂದರೆ 12 ಸೆಂ.ಮೀ. ಮುಳುಗುತ್ತದೆ. ಈ ಆಳವನ್ನು ದೋಣಿಯವರು ಡ್ರಾಫ್ಟ್ ಎನ್ನುತ್ತಾರೆ. ಆವತ್ತು ನಾವಿಬ್ಬರು ಇಳಿದಾಗ 150 ಕೆಜಿ ಕಡಿಮೆಯಾಯಿತು. ದೋಣಿ ಎರಡೂವರೆ ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಮೇಲೆದ್ದಿತು. ಅಷ್ಟು ಎದ್ದದ್ದಕ್ಕೇ ಹೂಳು ಕೈಬಿಟ್ಟಿತು.

ಇನ್ನು 22 ಅಡಿಯ ದೋಣಿ. ನೀರಿಗೆ ತಾಗುವ ಉದ್ದ 6.2 ಮೀಟರ್, ತಳದ ಅಗಲ 1.8 ಮೀಟರ್. ಒಂದು ಸೆಂ.ಮೀ. ಮುಳುಗಲು ಇದಕ್ಕೆ 114 ಕೆಜಿ ಬೇಕು. ದೋಣಿಯೇ 550 ಕೆಜಿ, 115 ಕುದುರೆ ಶಕ್ತಿಯ ಮೋಟಾರ್ 170 ಕೆಜಿ, ಉಳಿದ ಸಾಮಾನು 200 ಕೆಜಿ, ಅದೇ ನಾಲ್ಕು ಜನ 300 ಕೆಜಿ. ಒಟ್ಟು 1,220 ಕೆಜಿ. ಹತ್ತಿರ ಹತ್ತಿರ ಎರಡು ಪಟ್ಟು ತೂಕ. ಮುಳುಗುವುದು? 11 ಸೆಂ.ಮೀ.! ಚಿಕ್ಕ ದೋಣಿಗಿಂತ ಒಂದು ಕೂದಲೆಳೆ ಕಡಿಮೆಯೇ. ಉದ್ದ ನೋಡಿ ಆಳ ಹೇಳಲು ಬರುವುದಿಲ್ಲ. ಇಷ್ಟು ತೂಕವನ್ನು ಎಷ್ಟು ತಳ ಹೊತ್ತಿದೆ ಎಂದು ನೋಡಬೇಕು.

ಅಗಲದಿಂದ ಇನ್ನೊಂದು ಲಾಭ ಇದೆ. ದೋಣಿ ಪಕ್ಕಕ್ಕೆ ವಾಲದಂತೆ ನೀರು ಅದನ್ನು ಎತ್ತಿ ಹಿಡಿಯುವ ಬಲ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. ಅಗಲ ಒಂದೂವರೆ ಪಟ್ಟು ಆದರೆ ಆ ಬಲ ಮೂರು ಪಟ್ಟಿಗೂ ಹೆಚ್ಚು. ಉದ್ದವನ್ನೂ ಸೇರಿಸಿದರೆ ನಾಲ್ಕೂವರೆ ಪಟ್ಟು. ಹಳೆಯ ದೋಣಿಯಲ್ಲಿ ಒಬ್ಬರು ಅಂಚಿಗೆ ಹೋಗಿ ಗಾಳ ಬೀಸಿದರೆ ಉಳಿದವರು ಎದುರು ಬದಿಗೆ ಸರಿಯಬೇಕಿತ್ತು. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದೊಂದೇ ಕಾರಣ ಸಾಕು ಎಂದು ನಾನು ಹೇಳುತ್ತೇನೆ.

ಹಾಗಾದರೆ ತಳ ಪೂರ್ತಿ ಚಪ್ಪಟೆ ಇದ್ದರೆ ಒಳ್ಳೆಯದಾ? ತೊಂದರೆ ಶುರುವಾಗುವುದೇ ಇಲ್ಲಿ. ಅಂಗೈ ಬಿಡಿಸಿ ನೀರಿಗೆ ಬಡಿದು ನೋಡಿ, ಉರಿಯುತ್ತದೆ. ಅದೇ ಕೈಯನ್ನು ಕತ್ತಿಯ ಹಾಗೆ ಅಡ್ಡ ಹಿಡಿದು ಹೊಡೆಯಿರಿ, ಸುಮ್ನೆ ಒಳಗೆ ಹೋಗುತ್ತದೆ. ಚಪ್ಪಟೆ ತಳ ಪ್ರತಿ ಅಲೆಗೂ ಅಂಗೈ ಏಟು ತಿನ್ನುತ್ತದೆ. ಸೊಂಟ ನೋವಾಗುತ್ತದೆ, ಹಲ್ಲು ಕಡಿಯುವಂತಾಗುತ್ತದೆ. ಅದಕ್ಕೇ ತಳವನ್ನು ಇಂಗ್ಲಿಷಿನ ವಿ ಅಕ್ಷರದ ಹಾಗೆ ಮಾಡುತ್ತಾರೆ. ಆದರೆ ವಿ ಆಕಾರದ ತುದಿ ಕೆಳಗೆ ಇಳಿಯುತ್ತದಲ್ಲ. ಅದೇ 22 ಅಡಿ, ಅದೇ 1,220 ಕೆಜಿಗೆ ಲೆಕ್ಕ ಹಾಕಿದರೆ, ತಳ ಎರಡೂ ಕಡೆ 10 ಡಿಗ್ರಿ ಇಳಿಜಾರಾಗಿದ್ದರೆ ಡ್ರಾಫ್ಟ್ 19 ಸೆಂ.ಮೀ. ಆಗುತ್ತದೆ. 20 ಡಿಗ್ರಿ ಇದ್ದರೆ 26 ದಾಟುತ್ತದೆ. ಆಳ ಕಡಲಿಗೆ ಹೋಗುವವರಿಗೆ 20 ಡಿಗ್ರಿ ಸರಿ. ಮೊಳಕಾಲು ನೀರಲ್ಲಿ ಮೀನು ಹುಡುಕುವವರಿಗೆ ಅದು ಭಾರವೇ. ಹಿಂದೆ ಚಪ್ಪಟೆ, ಮೂತಿಯ ಕಡೆ ಮಾತ್ರ ಚೂಪಾದ ವಿ ಇರುವ ತಳ ಈ ಕರಾವಳಿಗೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಉದ್ದ ನಿಜಕ್ಕೂ ಕೆಲಸಕ್ಕೆ ಬರುವುದು ಅಲೆಯ ಎದುರು. ಗ್ಯಾಲ್ವೆಸ್ಟನ್ ಕೊಲ್ಲಿಯ ಸರಾಸರಿ ಆಳ ಎರಡು ಮೂರು ಮೀಟರ್ ಅಷ್ಟೇ. ಹಡಗುಗಳು ಹೋಗುವ ಕಾಲುವೆಯನ್ನು ಮಾತ್ರ 45 ಅಡಿಗೂ ಆಳವಾಗಿ ತೋಡಿದ್ದಾರೆ. ಇಂಥ ತೆಳು ನೀರಲ್ಲಿ ಮಧ್ಯಾಹ್ನದ ಗಾಳಿ ಎಬ್ಬಿಸುವ ಅಲೆಗಳು ದೊಡ್ಡವಲ್ಲ, ಆದರೆ ಒತ್ತೊತ್ತಾಗಿ, ಕಡಿದಾಗಿ ಬರುತ್ತವೆ. ಎರಡು ಸೆಕೆಂಡಿಗೆ ಒಂದು ಅಲೆ ಬರುತ್ತಿದ್ದರೆ ಒಂದು ನೆತ್ತಿಯಿಂದ ಇನ್ನೊಂದು ನೆತ್ತಿಗೆ ಸುಮಾರು 6 ಮೀಟರ್ ದೂರ, ಅಂದರೆ 20 ಅಡಿ. 16 ಅಡಿಯ ದೋಣಿ ಈ ಎರಡು ನೆತ್ತಿಗಳ ನಡುವಿನ ಗುಂಡಿಗೆ ಬೀಳುತ್ತದೆ, ಮತ್ತೆ ಮೂತಿ ಎತ್ತಿ ಏರುತ್ತದೆ, ಮತ್ತೆ ಬೀಳುತ್ತದೆ. 22 ಅಡಿಯದ್ದು ಎರಡು ನೆತ್ತಿಗಳ ಮೇಲೂ ಒಟ್ಟಿಗೆ ಮೈ ಚಾಚಿ ಹೋಗುತ್ತದೆ, ಸಂಕದ ಹಾಗೆ. ಪಕ್ಕದ ಮನೆಯವರ ಆಸೆ ಇದೇ ಆಗಿತ್ತು. ಮೀನು ಇರುವುದು ಗೇಣು ನೀರಲ್ಲೇ. ಆದರೆ ಅಲ್ಲಿಗೆ ಹೋಗಲು, ಸಂಜೆ ವಾಪಸ್ ಬರಲು ಬಯಲು ಕೊಲ್ಲಿ ದಾಟಲೇಬೇಕು.

ಮಾರುವವರು ಹೇಳುವ ಅಂಕಿಯ ಬಗ್ಗೆ ಒಂದು ಮಾತು. ಈ ದೋಣಿ ಇಷ್ಟೇ ಇಂಚು ನೀರಲ್ಲಿ ಓಡುತ್ತದೆ ಎನ್ನುತ್ತಾರೆ. ಓಡುವಾಗಿನ ಆಳ ಬೇರೆ, ಹೊರಡುವಾಗಿನ ಆಳ ಬೇರೆ. ವೇಗ ಬಂದಮೇಲೆ ದೋಣಿ ನೀರಿನ ಮೇಲೆ ಜಾರುತ್ತದೆ, ತಳದ ಬಹುಪಾಲು ಮೇಲೆದ್ದಿರುತ್ತದೆ. ಆದರೆ ನಿಂತಲ್ಲಿಂದ ಎದ್ದು ಆ ಸ್ಥಿತಿಗೆ ಬರುವಾಗ ಹಿಂಭಾಗ ಕೆಳಗೆ ಕುಕ್ಕರಿಸುತ್ತದೆ, ಪ್ರೊಪೆಲ್ಲರ್ ಇನ್ನೂ ಆಳಕ್ಕೆ ಹೋಗುತ್ತದೆ. ಅಲ್ಲಿ ನೀರು ಸಾಲದಿದ್ದರೆ ಅದು ನೆಲ ಅಗೆಯುತ್ತದೆ. ಓಡಿಕೊಂಡು ಒಳಗೆ ಹೋಗಿ, ನಿಂತು, ಮತ್ತೆ ಹೊರಡಲಾಗದೆ ಒದ್ದಾಡುವವರು ಇದನ್ನು ಮರೆತವರು. ಕೆಲವು ದೋಣಿಗಳಲ್ಲಿ ತಳದ ಹಿಂಬದಿಗೆ ಕಾಲುವೆಯಂಥ ಗುಳಿ ಮಾಡಿರುತ್ತಾರೆ. ನೀರು ಅದರೊಳಗೆ ಏರಿ ಬರುವುದರಿಂದ ಪ್ರೊಪೆಲ್ಲರನ್ನು ಮೇಲೆ ಕೂರಿಸಬಹುದು. ಆದರೆ ಗುಳಿ ಮಾಡಿದಷ್ಟು ತೇಲುವ ಶಕ್ತಿ ಹೋಯಿತು. ಅದೂ ಮೋಟಾರ್ ತೂಕ ಕೂತಿರುವ ಜಾಗದಲ್ಲೇ.

ಪ್ರೊಪೆಲ್ಲರ್ ನೆಲ ಅಗೆದರೆ ದೋಣಿಗಷ್ಟೇ ಪೆಟ್ಟಲ್ಲ. ನೀರಡಿಯ ಕಡಲಹುಲ್ಲು ಮರಿಮೀನು, ಸಿಗಡಿ, ಏಡಿಗಳ ತೊಟ್ಟಿಲು. ಬೇರು ಕಿತ್ತುಬಂದ ಗೆರೆ ತುಂಬಲು ವರ್ಷಗಳೇ ಬೇಕು. 2013ರಿಂದ ಟೆಕ್ಸಸ್ ಕರಾವಳಿಯ ಕೊಲ್ಲಿಗಳಲ್ಲಿ ಪ್ರೊಪೆಲ್ಲರ್‌ನಿಂದ ಕಡಲಹುಲ್ಲು ಕಿತ್ತುಹಾಕುವುದು ಅಪರಾಧ. ಬಹಳ ಒಳ್ಳೆಯ ಕಾನೂನು. ಹುಲ್ಲಿನ ಮೇಲೆ ಮೋಟಾರ್ ಎತ್ತಿ ಗಳದಲ್ಲೇ ಹೋಗಬೇಕು. ದೊಡ್ಡ ದೋಣಿಯ ಕಷ್ಟ ಆಗ ಗೊತ್ತಾಗುತ್ತದೆ. ಒಂದು ಟನ್ನಿಗೂ ಮೀರಿದ ತೂಕ, ಎತ್ತರದ ಬದಿ. ಗಾಳಿಯ ವೇಗ ಎರಡರಷ್ಟಾದರೆ ಅದರ ತಳ್ಳು ನಾಲ್ಕರಷ್ಟು. ಒಬ್ಬರ ತೋಳಿಗೆ ನಿಲ್ಲುವ ಮಾತಲ್ಲ, ಮೂತಿಗೆ ಒಂದು ಬ್ಯಾಟರಿ ಮೋಟಾರ್ ಬೇಕೇ ಬೇಕು.

ಅಲ್ಯೂಮಿನಿಯಂ ಯಾಕೆ ಎಂದು ಕೇಳಿದರೆ ಪಕ್ಕದ ಮನೆಯವರು ಹಳೆಯ ದೋಣಿಯ ತಳ ತೋರಿಸುತ್ತಾರೆ. ಉದ್ದಕ್ಕೂ ಗೀರುಗಳು, ಬೆಕ್ಕು ಪರಚಿದ ಹಾಗೆ. ಈ ಕೊಲ್ಲಿಯಲ್ಲಿ ಸಿಂಪಿಗಳು ಒಂದರ ಮೇಲೊಂದು ಬೆಳೆದು ದಿಬ್ಬಗಳಾಗಿವೆ. ಚಿಪ್ಪಿನ ಅಂಚು ಬ್ಲೇಡಿನಷ್ಟು ಹರಿತ. ಫೈಬರ್ ದೋಣಿಯಾದರೆ ಮೇಲಿನ ನಯವಾದ ಪದರ ಕಿತ್ತು ಒಳಗಿನ ನಾರು ಕಾಣುತ್ತದೆ. ಅಲ್ಯೂಮಿನಿಯಂ ಗೀರಿಸಿಕೊಳ್ಳುತ್ತದೆ, ನೆಗ್ಗುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ. ಗೀರಿದ ಜಾಗದಲ್ಲಿ ಗಾಳಿಯ ಆಮ್ಲಜನಕ ಕೂಡಿಕೊಂಡು ತಕ್ಷಣ ಹೊಸ ಆಕ್ಸೈಡ್ ಪದರ ಹುಟ್ಟುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪದ ಆ ಪದರವೇ ಲೋಹದ ಕವಚ. ಕಬ್ಬಿಣದ ತುಕ್ಕು ಉದುರಿ ಹೋಗುತ್ತದೆ, ಇದು ಅಂಟಿಕೊಂಡು ಕಾಯುತ್ತದೆ.

ಉಪ್ಪುನೀರಿಗೆ ಎಲ್ಲ ಅಲ್ಯೂಮಿನಿಯಂ ಆಗುವುದಿಲ್ಲ. ಮೆಗ್ನೀಸಿಯಂ ಬೆರೆಸಿದ 5052 ಅಥವಾ 5083 ಎಂಬ ಮಿಶ್ರಲೋಹ ಇರಬೇಕು. ತಗಡಿನ ದಪ್ಪವನ್ನೂ ಕೇಳಿ. ದಪ್ಪ 2 ಮಿ.ಮೀ.ನಿಂದ 3.2 ಮಿ.ಮೀ.ಗೆ ಏರಿದರೆ ತೂಕ 1.6 ಪಟ್ಟು, ಬಾಗದೆ ನಿಲ್ಲುವ ಗುಣ ನಾಲ್ಕು ಪಟ್ಟು. ಉದ್ದ ದೋಣಿಗೆ ಆ ತೂಕ ಕೊಡುವುದು ಲೇಸು. ಅಲೆಯ ಏಟಿಗೆ ತೆಳು ತಗಡು ಡಬ್ಬದ ಹಾಗೆ ಒಳಹೊರಗೆ ಆಡುತ್ತದೆ. ಆಡಿದಷ್ಟೂ ಲೋಹ ದಣಿಯುತ್ತದೆ, ರಿವೆಟ್ ಸಡಿಲವಾಗುತ್ತದೆ. ಉಕ್ಕಿಗೆ ಒಂದು ಮಿತಿಯೊಳಗಿನ ಏಟು ಎಷ್ಟು ಬಿದ್ದರೂ ತಡೆಯುವ ಶಕ್ತಿ ಇದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ಏಟೂ ಲೆಕ್ಕಕ್ಕೆ ಸೇರುತ್ತದೆ. ವೆಲ್ಡ್ ಮಾಡಿದ ಜಾಗಗಳನ್ನು ವರ್ಷಕ್ಕೊಮ್ಮೆ ಬೆರಳಾಡಿಸಿ ನೋಡಬೇಕು.

ಅಲ್ಯೂಮಿನಿಯಂಗೆ ನಿಜವಾದ ಶತ್ರು ಬೇರೆ ಲೋಹ. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ, ಸುತ್ತ ಉಪ್ಪುನೀರು ಇದ್ದರೆ ಅದೊಂದು ಬ್ಯಾಟರಿ. ಜೊತೆಗಿರುವುದು ತಾಮ್ರ, ಹಿತ್ತಾಳೆ, ಕಂಚು, ಉಕ್ಕಿನಂಥ ಲೋಹವಾದರೆ ಆ ಬ್ಯಾಟರಿಯಲ್ಲಿ ಕರಗಿ ಹೋಗುವುದು ಅಲ್ಯೂಮಿನಿಯಮ್ಮೇ. 1895ರಲ್ಲಿ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯಕ್ಕೆಂದು ನಥಾನಿಯಲ್ ಹೆರೆಶಾಫ್ ಎಂಬ ಹೆಸರಾಂತ ವಿನ್ಯಾಸಕಾರ 'ಡಿಫೆಂಡರ್' ಎಂಬ ದೋಣಿ ರೂಪಿಸಿದ. ನೀರಿನ ಕೆಳಗೆ ಕಂಚಿನ ತಗಡು, ಮೇಲೆ ಅಲ್ಯೂಮಿನಿಯಂ, ಒಳಗೆ ಉಕ್ಕಿನ ಚೌಕಟ್ಟು. ಹಗುರವಾಗಿತ್ತು, ಪಂದ್ಯವನ್ನೂ ಗೆದ್ದಿತು. ಆದರೆ ಮೂರು ಲೋಹ ಒಂದೇ ಮೈಯಲ್ಲಿ ಸೇರಿ ಉಪ್ಪುನೀರು ಕುಡಿದರೆ ಏನಾಗಬೇಕೋ ಅದೇ ಆಯಿತು. ಅಲ್ಯೂಮಿನಿಯಂ ತಿಂದುಹೋಯಿತು. 1901ರಲ್ಲಿ ಅದನ್ನು ಬಿಚ್ಚಿಹಾಕಿದರು.

ಇವತ್ತಿನ ದೋಣಿಗೂ ಅದೇ ಅಪಾಯ ಇದೆ. ದೋಣಿಯ ತಳದಲ್ಲಿ ಬಿದ್ದು ಮರೆತುಹೋದ ಒಂದು ಹಿತ್ತಾಳೆ ತುಂಡು ವರ್ಷ ಕಳೆಯುವುದರಲ್ಲಿ ಗುಳಿ ತೋಡುತ್ತದೆ. ಹುಳು ಹಿಡಿಯದಂತೆ ತಾಮ್ರದ ಔಷಧಿ ಕುಡಿಸಿದ ಪ್ಲೈವುಡ್ಡನ್ನು ನೆಲಹಾಸಿಗೆ ಬಳಸಿದರೂ ಅಷ್ಟೇ. ತಾಮ್ರ ಬೆರೆತ ಬಣ್ಣವಂತೂ ತಳಕ್ಕೆ ಬಳಿಯಲೇಬಾರದು. ಹಳೆಯ ದೊಡ್ಡ ದೋಣಿ ಕೊಳ್ಳುವವರು ನೆಲಹಾಸಿನ ಕೆಳಗೆ ಟಾರ್ಚ್ ಬಿಟ್ಟು ನೋಡದೆ ದುಡ್ಡು ಕೊಡಬಾರದು. ದೋಣಿಯ ಹಿಂಭಾಗಕ್ಕೆ ಸತುವಿನ ಅಥವಾ ವಿಶೇಷ ಅಲ್ಯೂಮಿನಿಯಂ ಮಿಶ್ರಣದ ಗಟ್ಟಿಯೊಂದನ್ನು ಬಿಗಿದಿರುತ್ತಾರೆ. ಅದು ದೋಣಿಯ ಬದಲು ತಾನು ಕರಗುತ್ತದೆ. ಅರ್ಧ ಸವೆದಾಗ ಬದಲಾಯಿಸಬೇಕು.

ಲೋಹದ ದೋಣಿಗೆ ಒಂದು ಕೊರತೆ ಉಂಟು. ಅದು ಸದ್ದನ್ನು ಬಚ್ಚಿಡುವುದಿಲ್ಲ. ಇಲ್ಲಿ ಎಲ್ಲರೂ ಹುಡುಕುವುದು ರೆಡ್‌ಫಿಶ್. ನಮ್ಮ ಕಡೆಯ ಕಲ್ಲೂರು ಮೀನಿನ ಬಳಗ. ಗಾಳಿಚೀಲದ ಮೇಲೆ ಸ್ನಾಯು ಬಡಿದು ಡೋಲಿನಂಥ ಸದ್ದು ಮಾಡುವ ಜಾತಿ. ಸದ್ದಿನಲ್ಲೇ ಮಾತಾಡುವ ಮೀನಿಗೆ ಸದ್ದು ಕೇಳಿಸದೆ ಇರುತ್ತದಾ? ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ. ಕೈಜಾರಿ ಬಿದ್ದ ಇಕ್ಕಳವೊಂದು ಸಾಕು, ನೀರಿನ ಮೇಲೆ ಆಡುತ್ತಿದ್ದ ಬಾಲಗಳೆಲ್ಲ ಮಾಯ. ಒಳಗೆ ರಬ್ಬರ್ ಹಾಸಿದರೆ ಸದ್ದು ಎಷ್ಟೋ ಕಡಿಮೆಯಾಗುತ್ತದೆ.

ಕೊನೆಗೂ 22 ಅಡಿಯದ್ದು ಬಂತು. ವೆಲ್ಡ್ ಮಾಡಿದ್ದು, ಹಿಂದೆ ಚಪ್ಪಟೆ ತಳ. ಕೊಳ್ಳುವಾಗ ಅವರು ಟೇಪ್ ಹಿಡಿದು ಮೇಲಿನ ಅಗಲ ಬಿಟ್ಟು ದೋಣಿಯ ಕೆಳಗೆ ನುಸುಳಿ ತಳದ ಅಗಲ ಅಳೆದದ್ದನ್ನು ನೋಡಿ ನನಗೆ ಖುಷಿಯಾಯಿತು. ಮೊದಲ ದಿನ ನಾಲ್ಕೂ ಜನ ಒಳಗೆ ಕೂತೆವು. ನಾನು ಸ್ಕೇಲ್ ಇಳಿಸಿ ನೋಡಿದೆ. ಲೆಕ್ಕದಲ್ಲಿ 11 ಬಂದಿತ್ತು. ಮೂತಿಯ ಕಡೆ 7, ಹಿಂದೆ 15. ಸರಾಸರಿ ಸರಿಯೇ ಇತ್ತು. ಆದರೆ ಮೋಟಾರ್, ಪೆಟ್ರೋಲ್ ಟ್ಯಾಂಕ್, ಎರಡು ಬ್ಯಾಟರಿ, ಐಸ್ ಪೆಟ್ಟಿಗೆ ಎಲ್ಲವೂ ಹಿಂದೆಯೇ ಇದ್ದವು. ಹೂಳಿಗೆ ಮೊದಲು ತಾಗುವುದು ಸರಾಸರಿ ಅಲ್ಲ, ಆ 15. ಐಸ್ ಪೆಟ್ಟಿಗೆಯನ್ನು ಇಬ್ಬರು ಹಿಡಿದು ಮುಂದಕ್ಕೆ ಸಾಗಿಸಿದೆವು, ಬ್ಯಾಟರಿಗಳನ್ನು ನಡುವಿಗೆ ತಂದೆವು. ಮತ್ತೆ ಸ್ಕೇಲ್ ಇಳಿಸಿದಾಗ ಹಿಂದೆ 13 ಇತ್ತು.