ದೇವರಿಗೆ ಇಟ್ಟ ಊಟ ಯಾರ ಹೊಟ್ಟೆಗೆ ಹೋಗುತ್ತಿತ್ತು?

ಪ್ರಶ್ನೆ: ನಮ್ಮ ಬಸವನಗುಡಿ ಪರಿಷೆಯಲ್ಲಿ ದೊಡ್ಡ ಬಸವಣ್ಣನಿಗೆ ಕಡಲೆಕಾಯಿ ಒಪ್ಪಿಸಿ ನಾವೇ ತಿಂತೀವಿ. ಬ್ಯಾಬಿಲೋನ್, ಈಜಿಪ್ಟ್, ಗ್ರೀಸ್‌ನಲ್ಲೂ ಹಿಂದೆ ದೇವರಿಗೆ ರಾಶಿ ರಾಶಿ ಊಟ ಇಡುತ್ತಿದ್ದರಂತೆ. ವಿಗ್ರಹ ತಿನ್ನಲ್ಲ ಅಂತ ಅವರಿಗೆ ಗೊತ್ತಿರಲಿಲ್ವಾ? ಅಷ್ಟೂ ಊಟ ಏನಾಗುತ್ತಿತ್ತು?

ಉತ್ತರ: ಚೆನ್ನಾಗಿಯೇ ಗೊತ್ತಿತ್ತು. ಅಲ್ಲೂ ಜನರೇ ತಿನ್ನುತ್ತಿದ್ದರು. ಅದೂ ಯಾರಿಗೆ ಎಷ್ಟು ಅಂತ ಬರೆದಿಟ್ಟುಕೊಂಡು!

ಬ್ಯಾಬಿಲೋನಿಯಾ ಅಂದರೆ ಈಗಿನ ಇರಾಕಿನ ದಕ್ಷಿಣ ಭಾಗ. ಅಲ್ಲಿ ದೇವಸ್ಥಾನ ನಿಜಕ್ಕೂ ದೇವರ ಮನೆ. ಹೊಲ, ಕುರಿಮಂದೆ, ಉಗ್ರಾಣ ಎಲ್ಲ ದೇವರದು. ಅಡುಗೆಯವರು, ಬೀರು ಮಾಡುವವರು, ನೇಯುವವರು ಆ ಮನೆಯ ಆಳುಗಳು. ದೇವರುಗಳು ಮನುಷ್ಯರನ್ನು ಹುಟ್ಟಿಸಿದ್ದೇ ತಮ್ಮ ಕೆಲಸ ಮಾಡಿಸಿಕೊಳ್ಳೋಕೆ ಅನ್ನುವುದು ಅವರ ಪುರಾಣ. ಪ್ರಳಯದಲ್ಲಿ ಜನ ಮುಳುಗಿಹೋದ ಮೇಲೆ ಊಟ ಇಡುವವರೇ ಇಲ್ಲದೆ ದೇವರುಗಳು ಹಸಿದು ಕೂತರಂತೆ, ಆಮೇಲೆ ಬದುಕಿ ಉಳಿದವನೊಬ್ಬ ಬಲಿ ಕೊಟ್ಟಾಗ ವಾಸನೆ ಹಿಡಿದು ನೊಣಗಳ ಹಾಗೆ ಮುತ್ತಿಕೊಂಡರಂತೆ. ದೇವರ ಬಗ್ಗೆ ಹೀಗೆ ಬರೆಯೋಕೆ ಎಷ್ಟು ಸಲಿಗೆ ಇರಬೇಕು, ಅಲ್ವಾ?

ಉರುಕ್ ಪಟ್ಟಣದಲ್ಲಿ ಅನು ದೇವರಿಗೆ ದಿನಕ್ಕೆ ನಾಲ್ಕು ಊಟ, ಬೆಳಿಗ್ಗೆ ಎರಡು, ಸಂಜೆ ಎರಡು. ಮಣ್ಣಿನ ಹಲಗೆಯೊಂದರಲ್ಲಿ ರೊಟ್ಟಿ, ಬೀರು, ಖರ್ಜೂರ, ಕುರಿಗಳ ಲೆಕ್ಕವೆಲ್ಲ ಇದೆ. ಹಿಟ್ಟು ಬೀಸುವವನು ಏನು ಹೇಳಿಕೊಂಡು ಬೀಸಬೇಕು ಅನ್ನುವುದೂ ಇದೆ. ದೇವರು ಉಣ್ಣುವಾಗ ಸುತ್ತ ಪರದೆ ಎಳೆಯುತ್ತಿದ್ದರು. ನಮ್ಮಲ್ಲೂ ನೈವೇದ್ಯದ ಹೊತ್ತಿಗೆ ತೆರೆ ಎಳೀತಾರಲ್ಲ! ಇಷ್ಟಕ್ಕೇ ‘ಅಲ್ಲಿಂದಲೇ ಇಲ್ಲಿಗೆ ಬಂತು’ ಅಂತ ವಾಟ್ಸಾಪ್‌ನಲ್ಲಿ ಹಾಕಬೇಡಿ. ದೊಡ್ಡವರು ಊಟಕ್ಕೆ ಕೂತಾಗ ದಿಟ್ಟಿಸಿ ನೋಡಬಾರದು ಅನ್ನುವುದು ಯಾವ ಊರಿನವರಿಗಾದರೂ ಹೊಳೆಯುತ್ತದೆ.

ದೇವರ ಊಟ ಆದಮೇಲೆ ಮಿಕ್ಕಿದ್ದು ರಾಜನಿಗೂ ಹೋಗುತ್ತಿತ್ತು, ದೇವಸ್ಥಾನದವರಿಗೂ ಹೋಗುತ್ತಿತ್ತು. 1881ರಲ್ಲಿ ಹೊರ್ಮುಜ್ದ್ ರಸ್ಸಾಮ್ ಅನ್ನುವವರು ಅಲ್ಲಿನ ಸಿಪ್ಪರ್ ಪಟ್ಟಣದಲ್ಲಿ ಅಗೆದಾಗ ಸಿಕ್ಕಿದ ಕಲ್ಲಿನ ಹಲಗೆಯೊಂದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕ್ರಿ.ಪೂ. 9ನೇ ಶತಮಾನದ್ದು. ಸೂರ್ಯದೇವರಾದ ಶಮಾಶನ ಪೂಜಾರಿಗೆ ಬಲಿಯಲ್ಲಿ ಏನೇನು ಸಲ್ಲಬೇಕು ಅಂತ ರಾಜ ಅದರಲ್ಲಿ ಕೆತ್ತಿಸಿದ್ದಾನೆ: ಕುರಿಯ ಚರ್ಮ, ಸೊಂಟದ ಮಾಂಸ, ಎರಡು ಕಾಲು, ಜೊತೆಗೆ ಒಂದು ಮಡಕೆ ಮಾಂಸದ ಸಾರು. ಸಾರನ್ನೂ ಬಿಟ್ಟಿಲ್ಲ ನೋಡಿ. ಮುಂದೆ ಇಂಥ ಹಕ್ಕುಗಳನ್ನು ವರ್ಷದಲ್ಲಿ ಇಂತಿಷ್ಟು ದಿನ ಅಂತ ಪಾಲು ಮಾಡಿ, ಬೆಂಗಳೂರಿನ ಸೈಟುಗಳ ಹಾಗೆ ಪತ್ರ ಬರೆಸಿ ಮಾರುತ್ತಿದ್ದರು, ಮಕ್ಕಳಿಗೆ ಬಿಟ್ಟುಹೋಗುತ್ತಿದ್ದರು.

ಹಾಗಾಗಿ ‘ಪೂಜಾರಿಗಳು ಕದ್ದು ತಿಂದು ಜನಕ್ಕೆ ಟೋಪಿ ಹಾಕಿದರು’ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಈ ಮಾತೂ ಹಳೆಯದೇ. ಬೈಬಲ್ಲಿನ ದಾನಿಯೇಲನ ಗ್ರಂಥಕ್ಕೆ ಗ್ರೀಕಿನಲ್ಲಿ ಸೇರಿದ ಕಥೆಯೊಂದರಲ್ಲಿ ದಾನಿಯೇಲ ಬ್ಯಾಬಿಲೋನಿನ ಬೇಲ್ ದೇವರ ಗುಡಿಯ ನೆಲಕ್ಕೆ ಬೂದಿ ಚೆಲ್ಲಿಸಿ, ರಾತ್ರಿ ಬಂದು ತಿಂದುಹೋದ ಪೂಜಾರಿಗಳ ಕುಟುಂಬದವರ ಹೆಜ್ಜೆ ಗುರುತು ರಾಜನಿಗೆ ತೋರಿಸುತ್ತಾನೆ. ಕಥೆ ಮಜವಾಗಿದೆ. ಆದರೆ ಕಲ್ಲಿನಲ್ಲಿ ಕೆತ್ತಿಸಿಕೊಂಡ ಪಾಲನ್ನು ತಿನ್ನೋಕೆ ಕತ್ತಲಲ್ಲಿ ಯಾಕೆ ಬರಬೇಕು?

ಈಜಿಪ್ಟಿನದು ಬೇಗ ಹೇಳಿಬಿಡುತ್ತೇನೆ. ಬೆಳಿಗ್ಗೆ ಗರ್ಭಗುಡಿಯ ಮುದ್ರೆ ಒಡೆದು, ವಿಗ್ರಹ ತೊಳೆದು, ಬಟ್ಟೆ ಉಡಿಸಿ, ಊಟ ಇಡುತ್ತಿದ್ದರು. ಆಮೇಲೆ ಅದು ಪೂಜಾರಿಗಳಿಗೆ.

ಗ್ರೀಸ್‌ನಲ್ಲಿ ಮಾತ್ರ ಲೆಕ್ಕ ಬೇರೆ. ಕೊಬ್ಬು ಸುತ್ತಿದ ತೊಡೆ ಮೂಳೆಯನ್ನು ಬೆಂಕಿಗೆ ಹಾಕಿದರೆ ಹೊಗೆ ದೇವರಿಗೆ, ಮಾಂಸ ಜನಕ್ಕೆ. ಯಾಕೆ ಹೀಗೆ ಅಂದರೆ, ಪ್ರೊಮಿಥಿಯಸ್ ಅನ್ನುವವನು ಮೂಳೆಗೆ ಕೊಬ್ಬು ಮುಚ್ಚಿ ದೇವರುಗಳ ರಾಜ ಜೀಯಸ್‌ನನ್ನೇ ಏಮಾರಿಸಿದ ಅನ್ನುವ ಕಥೆ ಹೇಳುತ್ತಿದ್ದರು. ಅಥೆನ್ಸ್‌ನಲ್ಲಿ ಅಥೀನಾ ದೇವಿಯ ದೊಡ್ಡ ಹಬ್ಬಕ್ಕೆ ದನಗಳನ್ನು ಸಾಲಾಗಿ ಬಲಿ ಕೊಟ್ಟು, ಮಾಂಸವನ್ನು ಊರಿನವರಿಗೆ ಹಂಚುತ್ತಿದ್ದರು. ಬೆಂಗಳೂರಿನ ಸುತ್ತಮುತ್ತ ಊರಹಬ್ಬದ ಬಾಡೂಟ ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಎಲ್ಲ ಕಡೆ ಎಲ್ಲರಿಗೂ ಪಾಲು ಸಿಗುತ್ತಿತ್ತು ಅಂದುಕೊಳ್ಳಬೇಡಿ. ಬ್ಯಾಬಿಲೋನಿಯಾದಲ್ಲಿ ದೇವರ ತಟ್ಟೆಯಲ್ಲಿ ಮಿಕ್ಕಿದ್ದು ಹಕ್ಕಿದ್ದವರಿಗೆ ಮಾತ್ರ. ದೇವರ ಹೊಲ ಉತ್ತವನು ಗರ್ಭಗುಡಿಯ ಹತ್ತಿರಕ್ಕೂ ಹೋಗುವಂತಿರಲಿಲ್ಲ.