ಅಳಿಸಲಾಗದ ಗ್ರಾಫ್

ತ್ರೀಡಿ ಪ್ರಿಂಟರ್ ಅಂದರೆ ಮಾಯಾಪೆಟ್ಟಿಗೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಂಕಿ ಹಾಕಿದರೆ ವಸ್ತು ಬಂತು, ಅಷ್ಟೇ! ಅಷ್ಟೇ ಅಲ್ಲ. ಅದರಲ್ಲೂ ಗಳಿಗೆಗಳಿಗೆಗೆ ಬದಲಾಗುವ ಅಂಕಿಗಳನ್ನು ಕೊಟ್ಟು ನೋಡಿ, ಜಗಳ ಶುರುವಾಗುತ್ತದೆ. ನನಗೆ ಇಷ್ಟವಾಗುವುದೇ ಆ ಜಗಳ.

ಸೆನ್ಸರ್ ಒಂದು ಗಂಟೆಗೊಮ್ಮೆ ಉಷ್ಣಾಂಶ ಕಳಿಸುತ್ತದೆ ಅನ್ನಿ. ಪ್ರತಿ ಅಂಕಿಗೂ ಪ್ರಿಂಟರ್ ಪ್ಲಾಸ್ಟಿಕ್ ಕರಗಿಸಿ ಒಂದು ಬಳೆ ಹಾಕುತ್ತದೆ. ಸೆಕೆ ಏರಿದರೆ ಬಳೆ ದೊಡ್ಡದು, ಇಳಿದರೆ ಚಿಕ್ಕದು. ಒಂದರ ಮೇಲೊಂದು ಕೂರುತ್ತಾ ಹೋಗುತ್ತವೆ. ಪದರದ ದಪ್ಪ 0.2 ಮಿ.ಮೀ. ಆದರೆ 30 ದಿನಕ್ಕೆ 14.4 ಸೆಂ.ಮೀ. ಎತ್ತರದ ಹೂದಾನಿ ರೆಡಿ.

ಮರ ವರ್ಷಕ್ಕೊಂದು ಉಂಗುರ ಹಾಕಿಕೊಳ್ಳುವುದೂ ಹೀಗೇ ಅಲ್ವಾ? ಬರ ಬಂದ ವರ್ಷವನ್ನು ಅದು ಅಳಿಸುವುದಿಲ್ಲ.

ಅಂಕಿಗಳನ್ನು ಮುಟ್ಟುವಂಥ ವಸ್ತುವಾಗಿಸುವ ಈ ಆಸೆ ಹಳೆಯದು. 1874ರಲ್ಲಿ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ನೀರಿನಂಥ ವಸ್ತುವಿನ ಗಾತ್ರ, ಶಕ್ತಿ, ಎಂಟ್ರೊಪಿ (ಕಣಗಳ ಅಸ್ತವ್ಯಸ್ತತೆಯ ಅಳತೆ ಅನ್ನಬಹುದು) ಇವುಗಳ ಸಂಬಂಧವನ್ನು ಜೇಡಿಮಣ್ಣಿನಲ್ಲಿ ಗುಡ್ಡದಂತೆ ಮೆತ್ತಿದ್ದರು. ಅದರ ಪ್ಲಾಸ್ಟರ್ ಅಚ್ಚೊಂದನ್ನು ಅಮೆರಿಕದ ವಿಜ್ಞಾನಿ ಗಿಬ್ಸ್‌ಗೆ ಕಳಿಸಿದರು. ಮುಟ್ಟಬಹುದಿತ್ತು, ಆದರೆ ಅದು ಬದಲಾಗುತ್ತಿರಲಿಲ್ಲ. 1995ರ ಸುಮಾರಿಗೆ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಾದ ಪಾರ್ಕ್‌ನಲ್ಲಿ (PARC) ಕಲಾವಿದೆ ನಟಾಲಿ ಜೆರೆಮಿಜೆಂಕೊ ಸಣ್ಣ ಮೋಟಾರಿಗೆ ಪ್ಲಾಸ್ಟಿಕ್ ದಾರ ಕಟ್ಟಿ ಚಾವಣಿಯಿಂದ ಇಳಿಬಿಟ್ಟರು. ಕಂಪ್ಯೂಟರ್ ಜಾಲದಲ್ಲಿ ಓಡಾಟ ಜಾಸ್ತಿಯಾದರೆ ದಾರ ಗರಗರ ಸುತ್ತುತ್ತಿತ್ತು. ಅದಕ್ಕೆ ಜೀವವಿತ್ತು, ನೆನಪಿರಲಿಲ್ಲ. ನಮ್ಮ ಹೂದಾನಿಗೆ ಎರಡೂ ಬೇಕು.

ಅಲ್ಲೇ ತೊಡಕು. ಬಳೆಯ ಪಟ್ಟಿಯ ಅಗಲ 0.4 ಮಿ.ಮೀ. ಮೇಲಿನ ಬಳೆ 0.2 ಮಿ.ಮೀ.ಗಿಂತ ಹೆಚ್ಚು ಹೊರಗೆ ಚಾಚಿದರೆ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿಯಲ್ಲಿ. ಇಟ್ಟಿಗೆ ಜೋಡಿಸುವವರಿಗೆ ಇದು ಗೊತ್ತು. ಒಬ್ಬರ ಹೆಗಲ ಮೇಲೊಬ್ಬರು ನಿಂತವರಿಗೂ ಗೊತ್ತು. ಬಳೆ ಒಳಕ್ಕೆ ಜಾರಿದರೂ ಇದೇ ಕಥೆ. ಒಂದು ಡಿಗ್ರಿಗೆ ಬಳೆ ಒಂದು ಮಿ.ಮೀ. ಹೊರಗೆ ಅಂತ ಲೆಕ್ಕ ಇಟ್ಟಿದ್ದೀರಿ, ಗಂಟೆಯೊಳಗೆ 3 ಡಿಗ್ರಿ ಏರಿತು. ಬಳೆ ಜೋತುಬಿತ್ತು!

ಆ 3 ಮಿ.ಮೀ.ಯನ್ನು 15 ಪದರಗಳಿಗೆ ಹಂಚಬಹುದು. ಆಗ ಗಂಟೆಗೆ 3 ಮಿ.ಮೀ. ಬೆಳೆದು, ತಿಂಗಳಿಗೆ 2.16 ಮೀಟರ್ ಎತ್ತರವಾಗುತ್ತದೆ. ಮನೆಗೆ ಕಂಬ ಬೇಕಿದ್ದರೆ ಸರಿ. ಇಲ್ಲವೇ ಡಿಗ್ರಿಗೆ 0.05 ಮಿ.ಮೀ. ಸಾಕು ಅನ್ನಿ. ಕಣ್ಣಿಗೆ ಅಷ್ಟಾಗಿ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಅಂತೂ ಎಷ್ಟು ಬೇಗ ಬದಲಾಗಬಹುದು ಅನ್ನುವುದನ್ನು ಪ್ಲಾಸ್ಟಿಕ್ಕೇ ತೀರ್ಮಾನಿಸುತ್ತದೆ.

ಇನ್ನೊಂದು ತಮಾಷೆ. ಮುಂದಿನ ಅಂಕಿಗೆ ಕಾಯುವಾಗ ಕರಗಿದ ಪ್ಲಾಸ್ಟಿಕ್ ಸುರಿಸುವ ಮೂತಿ, ಅಂದರೆ 200 ಡಿಗ್ರಿಯ ನಾಜಲ್, ಸುಮ್ನೆ ನಿಲ್ಲುವುದಿಲ್ಲ, ತೊಟ್ಟಿಕ್ಕುತ್ತದೆ. ಅದನ್ನು ಪಕ್ಕಕ್ಕೆ ಸರಿಸಿಟ್ಟರೂ ಬಳೆ ಶುರುವಾಗುವ ಕಡೆ ಪುಟ್ಟ ಗಂಟು ಉಳಿದುಬಿಡುತ್ತದೆ. ಉಜ್ಜಿ ತೆಗೆಯಬೇಡಿ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಗಂಟೆಗಳನ್ನು ಎಣಿಸಬಹುದು.